ಹಳೆಯ ಜೀಪಿನ ಚಕ್ರಕ್ಕೆ ಅಂಟಿದ ಮಣ್ಣು

"ಕಾಡು ಉಳಿಸಿ ಎಂದು ಬರೆಯುವ ನೀವೇ ಡೀಸೆಲ್ ಜೀಪು ಹುಡುಕುತ್ತಿದ್ದೀರಂತಲ್ಲ?" ಎಂದು ಕಳೆದ ಸಭೆ ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಎರಡು ಲಕ್ಷ ಕಿಲೋಮೀಟರಿಗೂ ಹೆಚ್ಚು ಓಡಿದ, ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹರಿಯುವ ಹಳೆಯ ಬಂಡಿಯೊಂದನ್ನು ಕೊಳ್ಳಲು ನಾನು ಆರು ತಿಂಗಳಿನಿಂದ ಓಡಾಡುತ್ತಿರುವುದು ನಿಜ. ಅಂದು ಚಹಾ ಕುಡಿಯುತ್ತ ಹಾರಿಕೆಯ ಉತ್ತರ ಕೊಟ್ಟೆ. ನಮ್ಮ ಊರುಗಳ ಹುಡುಗರಲ್ಲಿ ಇಂಥ ಬಂಡಿಗಳ ಹುಚ್ಚು ಹೆಚ್ಚಿರುವುದರಿಂದ ವಿಷಯವನ್ನು ಬಿಚ್ಚಿ ಬರೆಯುವುದು ಒಳಿತೆಂದು ತೋರಿತು.

ಜೀಪು ನಮಗೆ ಹೊಸದಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ ಕಾಫಿ ತೋಟಗಳಿಗೂ ಅಡಿಕೆ ಸೀಮೆಗೂ ಅವು ಬಂದವು. ಬಾಣಂತಿಯರನ್ನು, ಹಾವು ಕಚ್ಚಿದವರನ್ನು, ಗೊಬ್ಬರದ ಮೂಟೆಗಳನ್ನು ಹೊತ್ತವು. ಆ ಜೀಪಿನ ಮೇಲೆ ಯಾರೂ ಆಕ್ಷೇಪ ಎತ್ತಲಾರರು. ಇಂದು ಕೊಳ್ಳುವವರು ಕೇಳುವುದು ಬೇರೆ: ಇದರಲ್ಲಿ ಸ್ಪಿತಿಗೆ ಹೋಗಬಹುದೇ, ಲಡಾಖಿಗೆ ಹೋಗಬಹುದೇ?

ಖಂಡಿತ ಹೋಗಬಹುದು. ಆದರೆ ಆ ದಾರಿಗೆ ನಾಲ್ಕು ಚಕ್ರದ ಬಲವೇ ಬೇಕೆಂಬುದು ಭ್ರಮೆ. ಬೇಸಿಗೆಯಲ್ಲಿ ಹಿಮಾಚಲದ ಸರ್ಕಾರಿ ಬಸ್ಸು ಕುಲ್ಲುವಿನಿಂದ ಹೊರಟು, 4,500 ಮೀಟರಿಗೂ ಎತ್ತರದ ಕುಂಜುಮ್ ಕಣಿವೆಯನ್ನು ದಾಟಿ ಕಾಜಾ ತಲುಪುತ್ತದೆ. ಅದು ಹಿಂದಿನ ಚಕ್ರಗಳಷ್ಟೇ ನೂಕುವ ಬಸ್ಸು. ಆಗುಂಬೆಯ 14 ತಿರುವುಗಳನ್ನು ಮಳೆಯಲ್ಲಿ ಹತ್ತಿಳಿಯುವ ನಮ್ಮ ಮಿನಿ ಬಸ್ಸುಗಳೂ ಹಾಗೆಯೇ. ಇಲ್ಲಿಂದ ಸ್ಪಿತಿಗೆ ಹೋಗಿ ಬರುವಾಗ 5,000 ಕಿ.ಮೀ.ಗೂ ಮಿಗಿಲು, ಅದರಲ್ಲಿ ಬಹುಪಾಲು ಹೆದ್ದಾರಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಲೀಟರಿಗೆ 12 ಕಿ.ಮೀ. ಕೊಡುವ ಬಂಡಿ ಇಷ್ಟು ದೂರಕ್ಕೆ ಒಂದು ಟನ್ನಿಗೂ ಹೆಚ್ಚು ಉಗುಳುತ್ತದೆ. ಐವರು ಹೋದರೂ ಅಷ್ಟೇ, ಒಬ್ಬರೇ ಹೋದರೂ ಅಷ್ಟೇ.

ಹಾಗಾದರೆ ನಾನೇಕೆ ಕೊಳ್ಳುತ್ತಿದ್ದೇನೆ? ಮನೆಯಿಂದ ಡಾಂಬರು ರಸ್ತೆಗೆ ಎರಡೂವರೆ ಕಿ.ಮೀ. ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಕಾರು ಹೂತುಹೋಗುತ್ತದೆ. ಕೆಲಸದ ನಿಮಿತ್ತ ಕೊಡಗಿನಿಂದ ಉತ್ತರ ಕನ್ನಡದವರೆಗೆ ಇಂಥವೇ ದಾರಿಗಳ ತುದಿಯಲ್ಲಿರುವ ತೋಟಗಳಿಗೆ ಹೋಗಬೇಕಾಗುತ್ತದೆ. ಹೊಸ ಬಂಡಿಯ ಬೆಲೆ ನನಗೆ ಎಟುಕದು. ಜೊತೆಗೆ, ಆಗಲೇ ತಯಾರಾಗಿರುವ ಉಕ್ಕನ್ನು ಇನ್ನೂ ಹತ್ತು ವರ್ಷ ಬಳಸುವುದು ಹೊಸ ಉಕ್ಕು ಕರಗಿಸುವುದಕ್ಕಿಂತ ಮೇಲೆಂಬುದು ನನ್ನ ಅಭಿಪ್ರಾಯ. ದಿನವೂ ಪೇಟೆಯಲ್ಲಿ ಓಡಿಸುವವರಿಗೆ ಈ ಮಾತು ಸಲ್ಲದು, ಏಕೆಂದರೆ ಹಳೆಯ ಡೀಸೆಲ್ ಎಂಜಿನ್ನಿನ ಮಸಿ ಹೊಸದಕ್ಕಿಂತ ಬಹಳ ಹೆಚ್ಚು. 2020ರ ಏಪ್ರಿಲ್‌ನಲ್ಲಿ ಬಂದ ಬಿ.ಎಸ್. 6 ನಿಯಮದ ನಂತರದ ಡೀಸೆಲ್ ಬಂಡಿಗಳಲ್ಲಿ ಮಸಿ ಹಿಡಿಯುವ ಸೋಸುಕವಿರುತ್ತದೆ. ಅದಕ್ಕೂ ಹಿಂದಿನ ಜೀಪುಗಳಲ್ಲಿ ಅದನ್ನು ನಿರೀಕ್ಷಿಸಬೇಡಿ.

ನೆರೆಮನೆಯ ಹುಡುಗನ ಕಥೆ ಹೇಳಲೇಬೇಕು. ಬಿ.ಎಸ್ಸಿ. ಮುಗಿಸಿದವನು, ತಂದೆಯ ಅಡಿಕೆ ದುಡ್ಡಿಗೆ ಸಾಲವನ್ನೂ ಸೇರಿಸಿ ದೆಹಲಿ ನೋಂದಣಿಯ ದೊಡ್ಡ ಬಂಡಿಯೊಂದನ್ನು ದಲ್ಲಾಳಿಯ ಮೂಲಕ ತರಿಸಿದ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿ ಸೀಮೆಯಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ನ್ಯಾಯಾಲಯವೇ ಅದನ್ನು ಸಡಿಲಿಸಿತಾದರೂ, ನಡುವಿನ ವರ್ಷಗಳಲ್ಲಿ ಅಲ್ಲಿಯ ಬಂಡಿಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳಿಗೆ ಹರಿದವು. ದೆಹಲಿಯ ಶ್ವಾಸಕೋಶಕ್ಕೆ ಆಗದ ಹೊಗೆ ಘಟ್ಟದ ಶ್ವಾಸಕೋಶಕ್ಕೆ ಆದೀತೇ ಎಂದು ನಾವು ಯಾರೂ ಕೇಳಲಿಲ್ಲ. ಹುಡುಗನಿಗೆ ತೊಂದರೆಯಾದದ್ದು ಹೊಗೆಯಿಂದಲ್ಲ. ನಿರಾಕ್ಷೇಪಣಾ ಪತ್ರ ಸರಿಯಿರಲಿಲ್ಲ, ಹಳೆಯ ಮಾಲೀಕನ ಬ್ಯಾಂಕ್ ಸಾಲ ಆರ್.ಸಿ.ಯಲ್ಲಿ ಹಾಗೆಯೇ ಉಳಿದಿತ್ತು, ಇಲ್ಲಿಯ ಆಜೀವ ತೆರಿಗೆಯ ಲೆಕ್ಕವನ್ನು ದಲ್ಲಾಳಿ ಹೇಳಿಯೇ ಇರಲಿಲ್ಲ. ಬಂಡಿ ಎಂಟು ತಿಂಗಳು ಕೊಟ್ಟಿಗೆಯ ಪಕ್ಕ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. "ಅಣ್ಣಾ, ಮೊದಲೇ ನಿಮ್ಮನ್ನು ಕೇಳಬೇಕಿತ್ತು" ಎಂದ. ಕೇಳಿದ್ದರೂ ಆಗ ನನಗೆ ಗೊತ್ತಿದ್ದುದು ಅಷ್ಟಕ್ಕಷ್ಟೇ.

ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಂಡಿ ನೋಡುವ ವಿದ್ಯೆಯನ್ನು ನನಗೆ ಕಲಿಸಿದವರು ಪೇಟೆಯ ಮೆಕ್ಯಾನಿಕ್ ಒಬ್ಬರು. "ಸಾರ್, ಮೀಟರ್ ನೋಡಬೇಡಿ, ಪೆಡಲ್ ನೋಡಿ" ಎಂದರು. ಮೀಟರನ್ನು ಹಿಂದೆ ತಿರುಗಿಸಬಹುದು. ಸವೆದ ಕ್ಲಚ್ ಪೆಡಲಿನ ರಬ್ಬರು, ನುಣುಪಾದ ಸ್ಟೀರಿಂಗು, ಕುಸಿದ ಸೀಟು ಸುಳ್ಳು ಹೇಳುವುದು ಕಷ್ಟ. ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು, ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಬೇಕು. ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ಸಡಿಲಿಸಿದಾಗ ಹೊಗೆ ರಭಸದಿಂದ ನುಗ್ಗಿದರೆ ಒಳಗಿನ ರಿಂಗುಗಳು ಸವೆದಿವೆಯೆಂದು ಅರ್ಥ. ಗೇರ್ ಬಾಕ್ಸ್ ಅಥವಾ ಆಕ್ಸಲ್ಲಿನ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಬಂಡಿ ಹೊಳೆಯಲ್ಲಿ ಮುಳುಗಿ ಎದ್ದಿದೆ, ನೀರು ಒಳಸೇರಿದೆ. ಕೆಳಗೆ ಮಲಗಿ ಚಾಸಿಯನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ದೆಹಲಿಯ ಬಂಡಿಗೆ ಒಂದು ಮಾತು ಸಲ್ಲಬೇಕು: ಅಲ್ಲಿಯ ಒಣ ಹವೆಯಲ್ಲಿ ಚಾಸಿಗೆ ತುಕ್ಕು ಕಡಿಮೆ. ಕರಾವಳಿಯ ಉಪ್ಪುಗಾಳಿ ತಿಂದ, ನಮ್ಮ ಮಳೆಯಲ್ಲಿ ನೆನೆದ ಚಾಸಿ ಹೊರಗೆ ಬಣ್ಣ, ಒಳಗೆ ಜಾಲರಿ.

ನಾಲ್ಕು ಚಕ್ರದ ಲಿವರನ್ನು ಮಾರುವವನೆದುರೇ ಹಾಕಿ ನೋಡಬೇಕು. ವರ್ಷಗಟ್ಟಲೆ ಮುಟ್ಟದೆ ಅದು ಕಚ್ಚಿಕೊಂಡಿರುವುದುಂಟು. ಪರೀಕ್ಷೆ ಮಣ್ಣಿನ ಮೇಲೆ ಆಗಲಿ. ಹಳೆಯ ಜೀಪುಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್ಲುಗಳು ಒಂದೇ ವೇಗಕ್ಕೆ ಕಟ್ಟಿಬಿದ್ದಿರುತ್ತವೆ. ತಿರುವಿನಲ್ಲಿ ಎರಡೂ ಕ್ರಮಿಸುವ ದೂರ ಬೇರೆ ಬೇರೆ. ಮಣ್ಣಿನಲ್ಲಿ ಚಕ್ರ ತುಸು ಜಾರಿ ಆ ವ್ಯತ್ಯಾಸ ಕಳೆಯುತ್ತದೆ. ಒಣ ಡಾಂಬರಿನಲ್ಲಿ ಜಾರಲಾಗದೆ ಬಲವೆಲ್ಲ ಹಲ್ಲುಚಕ್ರಗಳನ್ನು ತಿರುಚುತ್ತದೆ. ಹೆದ್ದಾರಿಯಲ್ಲಿ ನಾಲ್ಕು ಚಕ್ರ ಹಾಕಿ ಓಡಿಸಿದವನ ಬಂಡಿಯನ್ನು ಕೊಳ್ಳುವವನು ಆ ತಪ್ಪಿನ ದಂಡ ತೆರುತ್ತಾನೆ.

ನನ್ನ ನಿಜವಾದ ಆತಂಕ ಇರುವುದು ಟೈರಿನ ಗೀರುಗಳಲ್ಲಿ. ಪಶ್ಚಿಮ ಆಸ್ಟ್ರೇಲಿಯಾದ ಜಾರಾ ಕಾಡುಗಳನ್ನು ಫೈಟಾಫ್ಥೊರಾ ಸಿನ್ನಮೋಮಿ ಎಂಬ ಸೂಕ್ಷ್ಮಜೀವಿ ಒಣಗಿಸಿದೆ. ಅದು ಹರಡಿದ ದಾರಿಗಳಲ್ಲಿ ವಾಹನಗಳ ಚಕ್ರಕ್ಕೆ ಅಂಟಿದ ಮಣ್ಣೂ ಒಂದು. ಆದ್ದರಿಂದ ಅಲ್ಲಿ ಕೆಲವು ಕಾಡುದಾರಿಗಳನ್ನು ಮುಚ್ಚಿದ್ದಾರೆ, ಬಂಡಿ ತೊಳೆದು ಒಳಹೋಗುವ ವ್ಯವಸ್ಥೆ ಮಾಡಿದ್ದಾರೆ. ನಮ್ಮ ಕಾಳುಮೆಣಸಿನ ಶೀಘ್ರ ಸೊರಗು ರೋಗ, ಅಡಿಕೆಯ ಕೊಳೆರೋಗ ಎರಡೂ ಇದೇ ಕುಲದ ಜೀವಿಗಳಿಂದ ಬರುವಂಥವು. ಸೊರಗು ರೋಗದ ಬೀಜಾಣು ಮಣ್ಣಿನಲ್ಲಿ ಉಳಿದು ಕೆಸರಿನೊಡನೆ ಸಾಗುತ್ತದೆ. ಒಂದು ಮಧ್ಯಾಹ್ನ ರೋಗದ ತೋಟ ನೋಡಿ ಸಂಜೆ ಆರೋಗ್ಯದ ತೋಟಕ್ಕೆ ಜೀಪು ನುಗ್ಗಿಸುವ ನನ್ನಂಥವನೇ ಮೊದಲ ಅಪರಾಧಿ. ಕಾಂಗ್ರೆಸ್ ಗಿಡದ ಬೀಜಕ್ಕೂ ಇದೇ ಸವಾರಿ.

ಕೊಡಚಾದ್ರಿಗೆ ಹೋದವರು ಅಲ್ಲಿಯ ಜೀಪು ದಾರಿಯನ್ನು ನೋಡಿರುತ್ತೀರಿ. ಅದರಿಂದ ಬದುಕುವ ಚಾಲಕರ ಮೇಲೆ ನನಗೆ ಸಿಟ್ಟಿಲ್ಲ. ಅವರಾದರೂ ಒಂದೇ ದಾರಿಯಲ್ಲಿ ಹೋಗುತ್ತಾರೆ. ನನ್ನ ಸಿಟ್ಟು, ವಾರದ ಕೊನೆಗೆ ಬಂದು ಹುಲ್ಲುಗಾವಲಿನ ಇಳಿಜಾರಿನಲ್ಲಿ ಹೊಸ ದಾರಿ ಕೊರೆದು ಹೋಗುವವರ ಮೇಲೆ. ಒದ್ದೆ ಮಣ್ಣಿನ ಮೇಲೆ ಎರಡು ಟನ್ನಿನ ಬಂಡಿ ಹಾಯ್ದರೆ ಮಣ್ಣಿನ ರಂಧ್ರಗಳು ಮುಚ್ಚಿ ನೀರು ಇಂಗುವುದಿಲ್ಲ. ಗಾಲಿಯ ಗೆರೆಯೇ ಕಾಲುವೆಯಾಗಿ ಮುಂದಿನ ಮಳೆಗೆ ಕೊರಕಲಾಗುತ್ತದೆ. ಆ ಮಣ್ಣು ಇಳಿದು ಬರುವುದು ಕೆಳಗಿನ ನಮ್ಮ ಗದ್ದೆಗೆ, ಕೆರೆಗೆ. ಅವರಲ್ಲಿ ಈಗ ನಮ್ಮ ಊರ ಹುಡುಗರೂ ಇದ್ದಾರೆ ಎಂಬುದನ್ನು ಬರೆಯಲು ಬೇಸರವಾಗುತ್ತದೆ.

ನಾನು ನೋಡಿಟ್ಟಿರುವ ಬಂಡಿ ಇದೇ ಜಿಲ್ಲೆಯದು, ಒಬ್ಬರೇ ಮಾಲೀಕರು ಬಳಸಿದ್ದು, 2,10,000 ಕಿ.ಮೀ. ಓಡಿದೆ. ಕ್ಲಚ್ ಪ್ಲೇಟು ಹಾಕಿಸಬೇಕು, ಹಿಂದಿನ ಲೀಫ್ ಸ್ಪ್ರಿಂಗು ಬದಲಿಸಬೇಕು. ನಮ್ಮ ಕೇರಿಯ ಮೂರು ಮನೆಯವರು ಖರ್ಚಿನಲ್ಲಿ ಪಾಲು ಕೊಡಲು ಒಪ್ಪಿದ್ದಾರೆ, ಆಸ್ಪತ್ರೆಗೂ ಸಂತೆಗೂ ಒಂದೇ ಬಂಡಿಯಾದೀತು. ಬಾಡಿಗೆಗೆ ಮಾತ್ರ ಓಡಿಸುವಂತಿಲ್ಲ. ಬಿಳಿ ಫಲಕದ ಬಂಡಿಗೆ ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ. ಅಂಗಳಕ್ಕೆ ಬರುವ ಮುನ್ನ ಹಳ್ಳದ ಈಚೆಗೆ ಕಲ್ಲುಚಪ್ಪಡಿ ಹಾಕಿ, ನೀರು ಹಳ್ಳಕ್ಕೆ ಮರಳದಂತೆ ಇಂಗುಗುಂಡಿ ತೋಡಿ ಚಕ್ರ ತೊಳೆಯುವ ಜಾಗ ಮಾಡುತ್ತಿದ್ದೇವೆ. ಗುಂಡಿ ತೋಡುತ್ತಿರುವವನು ಆ ನೆರೆಮನೆಯ ಹುಡುಗ. ಅವನ ದೆಹಲಿ ಬಂಡಿಯ ಕಾಗದ ಕೊನೆಗೂ ಸರಿಯಾಗಿದೆ. ಈಗ ಗಿರಾಕಿ ಹುಡುಕುತ್ತಿದ್ದಾನೆ.