ಬ್ಯಾಗು ಕಾಯೋಕೆ ಮನಾಲಿಗೆ ಹೋಗಬೇಕಾ?

ಒಂದು ಪ್ರಶ್ನೆ ಕೇಳಲಾ? ಮನಾಲಿಗೋ ಗುಲ್ಮಾರ್ಗಕ್ಕೋ ಹೋಗಿಬಂದ ನಿಮ್ಮ ಬಂಧುಗಳ ಫೋಟೊಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹಿಮದ ಮೇಲೆ ಓಡುವ ಆ ಗಾಡಿಯ ಮೇಲೆ ಯಾರಿದ್ದಾರೆ? ಯಜಮಾನರು ಇದ್ದಾರೆ, ಮಗ ಇದ್ದಾನೆ, ಮಗಳು ಕೈ ಬೀಸುತ್ತಿದ್ದಾಳೆ. ಅಮ್ಮ ಎಲ್ಲಿ? ಅಗೋ, ಬಾಡಿಗೆ ಕೋಟು ತೊಟ್ಟು, ನಾಲ್ಕು ಬ್ಯಾಗು, ಎರಡು ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದಾಳೆ!

ಕೇಳಿ ನೋಡಿ, ಬಹುತೇಕ ಒಂದೇ ಉತ್ತರ. 'ನಂಗೇನ್ ಬ್ಯಾಡ್ ಬಿಡ್ರಿ, ನೀವು ಹತ್ರಿ. ನಾ ಇಲ್ಲೇ ಬ್ಯಾಗ್ ಹಿಡ್ಕೊಂಡು ಕುಂದ್ರತೀನಿ.' ಹೆದರಿಕೆಯಿಂದ ಹಾಗೆ ಅಂದಿದ್ದರೆ ಸರಿ, ಅದು ಅವಳಿಷ್ಟ. ಆದರೆ ಎಷ್ಟೋ ಸಲ ಅದು ಹೆದರಿಕೆಯಲ್ಲ, ಲೆಕ್ಕ. ದರ ಕೇಳಿದ ತಕ್ಷಣ ಅವಳ ಮನಸ್ಸು ಮೊದಲು ಕತ್ತರಿ ಹಾಕುವುದು ತನ್ನ ಪಾಲಿಗೇ. ಮನೆಯ ಬಜೆಟ್ ಬರೆಯುವವಳೂ ಅವಳೇ, ಬಜೆಟ್‌ನಿಂದ ಮೊದಲು ಹೊರಗೆ ಬೀಳುವವಳೂ ಅವಳೇ!

ಈ ಮಾತು ಈಗೇಕೆ ಅಂತೀರಾ? ಬೇಸಿಗೆ ಬಂದರೆ ನಲವತ್ತು ಡಿಗ್ರಿ ದಾಟುವ ನಮ್ಮ ವಿಜಯಪುರದಲ್ಲಿ ಹಿಮ ನೋಡುವ ಆಸೆ ಇಂದು ದೊಡ್ಡ ಬಂಗಲೆಯವರಿಗೆ ಮಾತ್ರ ಉಳಿದಿಲ್ಲ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟದ ಮನೆಗಳಲ್ಲೂ, ನಗರದ ಶಿಕ್ಷಕರ, ನೌಕರರ ಮನೆಗಳಲ್ಲೂ ಮಕ್ಕಳು ಮೊಬೈಲ್ ಹಿಡಿದು 'ಅವ್ವಾ, ಇಲ್ಲಿ ಹೋಗೋಣು' ಅನ್ನುತ್ತಾರೆ. ಆಸೆ ತಪ್ಪಲ್ಲ. 'ಇದೆಲ್ಲ ನಮ್ಮಂಥವರಿಗಲ್ಲ' ಎಂದು ಬಾಯಿ ಮುಚ್ಚಿಸುವುದೂ ಬೇಡ. ಆದರೆ ಲೆಕ್ಕವಿಲ್ಲದೆ ಹೊರಟರೆ ಹಿಮ ಕರಗಿದರೂ ಸಾಲ ಕರಗುವುದಿಲ್ಲ.

ಹತ್ತು ನಿಮಿಷದ ಸವಾರಿ, ಎರಡು ಸಾವಿರ ಕಿಲೋಮೀಟರಿನ ಖರ್ಚು

ಇಂಗ್ಲಿಷಿನಲ್ಲಿ ಸ್ನೋಮೊಬೈಲ್ ಅನ್ನುವ ಗಾಡಿಗೆ ನಮ್ಮ ಪ್ರವಾಸಿ ತಾಣಗಳಲ್ಲಿ ಸ್ನೋ ಸ್ಕೂಟರ್ ಅಂತಲೇ ಹೆಸರು. ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ, ಹಿಂದೆ ತಿರುಗುವ ರಬ್ಬರ್ ಪಟ್ಟಿ. ಕೆನಡಾದಂಥ ದೇಶಗಳಲ್ಲಿ ಜನ ಇದನ್ನು ದಿನಗಟ್ಟಲೆ ಓಡಿಸುತ್ತಾರೆ, ಸ್ವಂತಕ್ಕೇ ಕೊಳ್ಳುತ್ತಾರೆ. ನಮಗೆ ಸಿಗುವುದು ಸೋಲಾಂಗ್ ಅಥವಾ ಗುಲ್ಮಾರ್ಗದಲ್ಲಿ ಚಾಲಕನ ಹಿಂದೆ ಕೂತು ಒಂದು ಸುತ್ತು. ಮುಗಿಯಿತು!

ಆ ಒಂದು ಸುತ್ತಿಗಾಗಿ ಎಷ್ಟು ದಾರಿ ನೋಡಿ. ವಿಜಯಪುರದಿಂದ ಸೊಲ್ಲಾಪುರ ಸುಮಾರು 100 ಕಿ.ಮೀ. ಅಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ಒಂದು ಹಗಲು, ಒಂದು ರಾತ್ರಿ ಕಳೆದು ದಿಲ್ಲಿ. ದಿಲ್ಲಿಯಿಂದ ಮನಾಲಿಗೆ ಇಡೀ ರಾತ್ರಿಯ ಬಸ್ಸು. ಮನಾಲಿಯಿಂದ ಸೋಲಾಂಗ್‌ಗೆ ಮತ್ತೆ ಟ್ಯಾಕ್ಸಿ. ಅಂದರೆ ಖರ್ಚಿರುವುದು ಹಿಮದಲ್ಲಲ್ಲ, ದಾರಿಯಲ್ಲಿ.

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಒಟ್ಟು 80,000 ರೂಪಾಯಿ ಅಂದುಕೊಳ್ಳಿ. ರೈಲು, ಬಸ್ಸು, ಟ್ಯಾಕ್ಸಿಗೆ 32,000. ವಸತಿ, ಊಟಕ್ಕೆ 24,000. ಬಾಡಿಗೆ ಕೋಟು, ಬೂಟು, ಕೈಗವಸಿಗೆ 4,000. ಸ್ಕೂಟರ್ ಸವಾರಿಗೆ ತಲೆಗೆ 2,000ದಂತೆ 8,000. ಉಳಿದ 12,000 ಆಪತ್ತಿನ ಗಂಟು. ನಿಮ್ಮ ಅಂಕಿ ಇದಕ್ಕಿಂತ ಹೆಚ್ಚೋ ಕಡಿಮೆಯೋ ಆದೀತು. ಸವಾರಿಯ ದರವೂ ದೂರ, ಜನಸಂದಣಿ ನೋಡಿ ಏರಿಳಿಯುತ್ತದೆ. ಆದರೆ ಅನುಪಾತ ಗಮನಿಸಿ. ಇಡೀ ಖರ್ಚಿನಲ್ಲಿ ಎಲ್ಲರ ಸವಾರಿ ಹತ್ತರಲ್ಲಿ ಒಂದು ಪಾಲು. ನಿಮ್ಮೊಬ್ಬರ ಸವಾರಿ? ನಲವತ್ತರಲ್ಲಿ ಒಂದು ಪಾಲು! ಮೂವತ್ತೊಂಬತ್ತು ಪಾಲು ಖರ್ಚು ಮಾಡಿ ಅಲ್ಲಿವರೆಗೆ ಹೋಗಿ, ಉಳಿದ ಒಂದು ಪಾಲಿಗಾಗಿ ಬ್ಯಾಗು ಕಾಯುತ್ತ ನಿಲ್ಲುವುದು ಯಾವ ಉಳಿತಾಯ, ಹೇಳಿ?

ಉಳಿಸಲೇಬೇಕೆಂದರೆ ದಾರಿಯಲ್ಲಿ ಉಳಿಸಿ. ರೈಲು ಟಿಕೆಟ್ ಈಗ 60 ದಿನ ಮೊದಲಷ್ಟೇ ಸಿಗುತ್ತದೆ. 2024ರ ನವೆಂಬರ್‌ವರೆಗೆ ಇದ್ದ 120 ದಿನದ ಅವಧಿ ಹೋಯಿತು. ಹಾಗಾಗಿ ಬುಕಿಂಗ್ ತೆರೆಯುವ ದಿನವನ್ನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಂದೇ ಟಿಕೆಟ್ ಮಾಡಿಸಿ. 5ರಿಂದ 12 ವರ್ಷದ ಮಗುವಿಗೆ ಪ್ರತ್ಯೇಕ ಬರ್ತ್ ಬೇಕಿದ್ದರೆ ಪೂರ್ತಿ ದರ. ಅತ್ತೆಯವರಿಗೆ ಹಿರಿಯ ನಾಗರಿಕರ ರಿಯಾಯಿತಿ ಸಿಕ್ಕೀತು ಅಂತ ಲೆಕ್ಕ ಹಾಕಬೇಡಿ, 2020ರ ಮಾರ್ಚ್‌ನಲ್ಲೇ ಅದು ನಿಂತಿದೆ. ಶಕ್ತಿ ಯೋಜನೆಯಲ್ಲಿ ತಿಕೋಟಾದಿಂದ ವಿಜಯಪುರಕ್ಕೆ ನೀವು ಪುಕ್ಕಟೆ ಬರಬಹುದು, ಸೊಲ್ಲಾಪುರದ ಬಸ್ಸಿಗೆ ಮಾತ್ರ ದುಡ್ಡು ಕೊಡಲೇಬೇಕು. ಇನ್ನು ರೈಲಿನ ಊಟಕ್ಕೆ ನಮ್ಮ ಕಟಕ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇದೆಯಲ್ಲ! ಮಕ್ಕಳ ಜೇಬಿಗೆ ಮನೆಯ ಒಣದ್ರಾಕ್ಷಿ ಹಾಕಿಬಿಡಿ, ಪ್ರತಿ ಸ್ಟೇಷನ್ನಿನಲ್ಲೂ ಚಿಪ್ಸ್ ಬೇಡುವುದು ತಪ್ಪುತ್ತದೆ.

ಹಿಮದ ಕ್ಯಾಲೆಂಡರ್ ಬೇರೆ, ನಮ್ಮ ಕ್ಯಾಲೆಂಡರ್ ಬೇರೆ

ಅನೇಕರು ಎಡವುವುದು ಇಲ್ಲಿ. ಸೋಲಾಂಗ್‌ನಲ್ಲಿ ಹಿಮ ಸಿಗುವ ಕಾಲ ಹೆಚ್ಚಾಗಿ ಜನವರಿ, ಫೆಬ್ರುವರಿ. ಆಗ ನಮ್ಮ ಮಕ್ಕಳಿಗೆ ಶಾಲೆ, ಪರೀಕ್ಷೆಯ ತಯಾರಿ. ದ್ರಾಕ್ಷಿ ಬೆಳೆಗಾರರ ಮನೆಯಲ್ಲಂತೂ ಕೇಳಲೇಬೇಡಿ! ಅಕ್ಟೋಬರ್‌ನಲ್ಲಿ ಚಾಟ್ನಿ ಮಾಡಿದ ಬೆಳೆ ಕೈಗೆ ಬರುವ ಹೊತ್ತು, ಆಮೇಲೆ ಏಪ್ರಿಲ್‌ವರೆಗೆ ಕಟಾವು, ಶೆಡ್ಡಿನಲ್ಲಿ ಒಣಹಾಕುವುದು, ಮತ್ತೆ ಏಪ್ರಿಲ್ ಚಾಟ್ನಿ. ಇತ್ತ ದಸರಾ ರಜೆಯಲ್ಲಿ ಹೋದರೆ ಸೋಲಾಂಗ್‌ನಲ್ಲಿ ಹುಲ್ಲು ಕಾಣುತ್ತದೆಯೇ ಹೊರತು ಹಿಮವಲ್ಲ.

ಉಳಿಯುವುದು ಮೇ ತಿಂಗಳು. ಆಗ ಹಿಮ ಬೇಕೆಂದರೆ ಮೇಲಕ್ಕೆ ಹತ್ತಬೇಕು. 3,978 ಮೀಟರ್ ಎತ್ತರದ ರೋಹ್ತಾಂಗ್‌ಗೋ, ಗುಲ್ಮಾರ್ಗದ ಗೊಂಡೋಲಾದ ಎರಡನೇ ಹಂತಕ್ಕೋ. ಅಂದರೆ ಅಷ್ಟು ಹೆಚ್ಚು ಖರ್ಚು. ರೋಹ್ತಾಂಗ್‌ಗೆ ದಿನಕ್ಕೆ ಇಂತಿಷ್ಟೇ ವಾಹನ ಎಂಬ ಮಿತಿ ಇದೆ, ಮುಂಚಿತವಾಗಿ ಆನ್‌ಲೈನ್ ಪರವಾನಗಿ ಪಡೆಯಬೇಕು. ಪರಿಸರದ ಕಾರಣಕ್ಕೆ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರೋಹ್ತಾಂಗ್, ಸೋಲಾಂಗ್‌ಗಳಲ್ಲಿ ಸ್ನೋ ಸ್ಕೂಟರಿನಂಥ ವ್ಯಾಪಾರಿ ಚಟುವಟಿಕೆಗಳನ್ನೇ ನಿಲ್ಲಿಸಿತ್ತು. ಆದ್ದರಿಂದ ಆ ವರ್ಷ, ಆ ತಿಂಗಳು ಎಲ್ಲಿ ಸವಾರಿಗೆ ಅನುಮತಿ ಇದೆ ಎಂದು ಹೋಟೆಲಿನವರನ್ನು ಫೋನಿನಲ್ಲಿ ಕೇಳಿಯೇ ಟಿಕೆಟ್ ಮಾಡಿಸಿ.

ಕೇಳಿ ಹೋದರೂ ಹಿಮ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗದ ಬಯಲು ಹಿಮವಿಲ್ಲದೆ ಬೋಳಾಗಿತ್ತು. 2025ರ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನೇ ಹಿಮ ಸಾಲದೆ ಮುಂದೂಡಬೇಕಾಯಿತು. 2023ರ ಜುಲೈ ಪ್ರವಾಹದಲ್ಲಿ ಮನಾಲಿಯ ರಸ್ತೆ ಕೊಚ್ಚಿಹೋಗಿ ಪ್ರವಾಸಿಗರು ಸಿಕ್ಕಿಬಿದ್ದರು. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಎಷ್ಟೋ ಕುಟುಂಬಗಳು ಕಾಶ್ಮೀರದ ಪ್ರವಾಸವನ್ನೇ ಕೈಬಿಟ್ಟವು. ಹೆದರಿಸಲು ಇದನ್ನೆಲ್ಲ ಹೇಳುತ್ತಿಲ್ಲ. ಆಪತ್ತಿನ ಗಂಟು ಯಾಕೆ ಬೇಕು ಅನ್ನುವುದಕ್ಕೆ ಹೇಳಿದೆ. ಎರಡು ದಿನ ಹೆಚ್ಚು ಉಳಿಯಬೇಕಾಗಿ ಬಂದರೂ ಯಾರ ಮುಂದೆಯೂ ಕೈಯೊಡ್ಡದಂತೆ ಇರಬೇಕು. ರದ್ದಾದರೆ ಎಷ್ಟು ಹಣ ವಾಪಸ್ ಎಂಬುದನ್ನು ಹೋಟೆಲ್, ಪ್ಯಾಕೇಜಿನವರಿಂದ ಮೊದಲೇ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ಹಣ ಎಲ್ಲಿಂದ ಬರಬೇಕು, ಎಲ್ಲಿಂದ ಬರಬಾರದು?

ಮೊದಲು ಬರಬಾರದ್ದು ಹೇಳಿಬಿಡುತ್ತೇನೆ. ನಿಮ್ಮ ಕೊರಳಿನ ಬಂಗಾರದಿಂದ ಬರಬಾರದು. ಬೆಳೆಸಾಲದಿಂದ ಬರಬಾರದು. ಕೈಗಡ ಅಂತೂ ಬೇಡವೇ ಬೇಡ. 80,000ಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಹಿಡಿದರೆ ವರ್ಷಕ್ಕೆ ಬಡ್ಡಿಯೇ 28,800! ಮುಂದಿನ ವರ್ಷ ಮಗಳ ಕಾಲೇಜು ಫೀಜು ಬಂದಾಗ ಆ ಹಿಮದ ಫೋಟೊ ನೋಡಿ ಯಾರಿಗೂ ನಗು ಬರಲ್ಲ.

ತಿಂಗಳ ಸಂಬಳದ ಮನೆಯಾದರೆ ದಾರಿ ಸರಳ. ತಿಂಗಳಿಗೆ 5,000ದಂತೆ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿದರೆ 16 ತಿಂಗಳಿಗೆ 80,000. ಈ ದಸರಾದಲ್ಲಿ ಶುರು ಮಾಡಿದರೆ ಬರುವ ವರ್ಷದಾಚೆಯ ಜನವರಿಗೆ ಕೈಯಲ್ಲಿ ದುಡ್ಡು. ಮಕ್ಕಳಿಗೂ ಗೊತ್ತಿರಲಿ. ಹೋಟೆಲ್ ಊಟ ಬಿಟ್ಟ ಭಾನುವಾರದ ಹಣ ಅವರೇ ಆ ಡಬ್ಬಿಗೆ ಹಾಕಲಿ. ಕಾಯುವುದು ಹೇಗೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ದ್ರಾಕ್ಷಿ ಮನೆಯ ಲೆಕ್ಕ ಬೇರೆ. ಅಲ್ಲಿ ದುಡ್ಡು ಬರುವುದು ವರ್ಷಕ್ಕೊಮ್ಮೆ, ಒಟ್ಟಿಗೇ. ಒಣದ್ರಾಕ್ಷಿ ಮಾರಿ ಪಟ್ಟಿ ಕೈಗೆ ಬಂದ ದಿನ ಮನೆಯಲ್ಲಿ ಎಲ್ಲರೂ ಸಾಹುಕಾರರೇ! ಅಂದೇ ಪ್ರವಾಸದ ಮಾತು ಎತ್ತಬೇಡಿ. ಮೊದಲು ಆಳುಗಳ ಕೂಲಿ, ಔಷಧ ಅಂಗಡಿಯ ಬಾಕಿ, ಸೊಸೈಟಿ ಸಾಲ, ಮುಂದಿನ ಚಾಟ್ನಿಯ ಖರ್ಚು, ಮಕ್ಕಳ ಫೀಜು. ಇಷ್ಟು ಕಳೆದು ಉಳಿದದ್ದರಲ್ಲಿ ಒಂದು ಭಾಗವನ್ನು ಬೇರೆ ಠೇವಣಿ ಮಾಡಿ, ಅದಕ್ಕೆ 'ಹಿಮದ ದುಡ್ಡು' ಅಂತ ಹೆಸರಿಡಿ. ಎರಡು ಹಂಗಾಮು ಕೂಡಿಸಿ, ಮೂರನೇ ಮೇ ತಿಂಗಳಲ್ಲಿ ಹೊರಡಿ. ಅಕಾಲ ಮಳೆ ಬಂದು ಒಣಹಾಕಿದ ದ್ರಾಕ್ಷಿ ಕೆಟ್ಟ ವರ್ಷ ಜಗಳವಿಲ್ಲದೆ ಮುಂದೂಡಿ. ಮನಾಲಿ ಎಲ್ಲೂ ಓಡಿಹೋಗಲ್ಲ.

ಇನ್ನು ನಿಮ್ಮ ಪಾಲು. 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಆದಾಯ ತೆರಿಗೆ ಕಟ್ಟುವ ಮನೆಗಳಿಗೆ ಅದಿಲ್ಲ, ಕಂತು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಆದರೂ ನೋಡಿ, ನಮ್ಮ ಉದಾಹರಣೆಯ ಸವಾರಿಗೆ ಹಿಡಿದ ಹಣ, ನಿಮ್ಮ ಹೆಸರಿಗೆ ಬರುವ ಒಂದೇ ಒಂದು ಕಂತು! ವರ್ಷದ ಹನ್ನೆರಡು ಕಂತಿನಲ್ಲಿ ಹನ್ನೊಂದು ಕಿರಾಣಿಗೆ, ಗ್ಯಾಸಿಗೆ, ಮಗನ ಟ್ಯೂಷನ್ನಿಗೆ ಹೋಗುತ್ತದೆ, ಹೋಗಲಿ. ಒಂದನ್ನು ನಿಮಗಾಗಿ ತೆಗೆದಿಡಿ. ಕಂತು ಬಾರದ ಮನೆಯಾದರೂ ಹಾಲು, ಹೊಲಿಗೆ, ಸಂಘದ ಉಳಿತಾಯ ಅಂತ ನಿಮ್ಮ ಕೈಯದೇ ದುಡಿಮೆ ಇರುತ್ತದಲ್ಲ, ಅದರಿಂದ ತೆಗೆದಿಡಿ.

'ನಮ್ಮದು ಕೂಲಿ ಬದುಕು, ಎಂಬತ್ತು ಸಾವಿರ ಎಲ್ಲಿಂದ ತರೋಣ' ಅನ್ನುವ ಅಕ್ಕನಿಗೂ ಒಂದು ಮಾತು. ಪಕ್ಕದ ಮನೆಯವರ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿ ಸಂಘದ ಸಾಲ ತೆಗೆದು ಹೊರಡಬೇಡಿ. ಹಿಮ ನೋಡದವರ ಬಾಳು ಬರಿದಾಗುವುದಿಲ್ಲ. ಆದರೆ ಈ ಲೆಕ್ಕ ನಿಮಗೂ ಸಲ್ಲುತ್ತದೆ. ಜಾತ್ರೆಗೆ ಹೋದರೂ ತೊಟ್ಟಿಲಿನ ಟಿಕೆಟ್ ತೆಗೆಯುವಾಗ ನಿಮ್ಮನ್ನೂ ಎಣಿಸಿ!

ಸವಾರಿಯ ದಿನ ಇಷ್ಟು ನೆನಪಿರಲಿ

ಸೀರೆಯಲ್ಲಿ ಹತ್ತಬೇಡಿ. ಸೆರಗು, ದುಪಟ್ಟಾ ತಿರುಗುವ ಪಟ್ಟಿಗೆ ಸಿಕ್ಕರೆ ಅಪಾಯ. ಪ್ಯಾಂಟೋ ಚೂಡಿದಾರವೋ ಇರಲಿ, ಮೇಲೆ ಕೋಟು, ತಲೆಗೆ ಹೆಲ್ಮೆಟ್ ಕೇಳಿ ಪಡೆಯಿರಿ. ಗರ್ಭಿಣಿಯರು, ಬೆನ್ನುನೋವು ಇರುವವರು ಸವಾರಿ ಬಿಡಿ. ನಮ್ಮ ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಒಮ್ಮೆಲೇ ರೋಹ್ತಾಂಗ್ ಎತ್ತರಕ್ಕೆ ಹೋದರೆ ಉಸಿರು ಕಟ್ಟಿದಂತಾಗಬಹುದು. ಬಿಪಿ, ಹೃದಯದ ತೊಂದರೆ ಇದ್ದರೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಮನಾಲಿಯಲ್ಲಿ ಒಂದು ದಿನ ಸುಮ್ಮನೆ ವಿಶ್ರಾಂತಿ ಪಡೆದು ಮೇಲೆ ಹತ್ತಿ, ಆ ಒಂದು ದಿನದ ಬಾಡಿಗೆಯನ್ನೂ ಬಜೆಟ್‌ನಲ್ಲಿ ಸೇರಿಸಿ.

ಟ್ಯಾಕ್ಸಿಯವರು ಪರಿಚಯದ ಕೋಟಿನ ಅಂಗಡಿ ಮುಂದೆ ನಿಲ್ಲಿಸಿದರೆ ಮೊದಲ ದರಕ್ಕೇ ಹ್ಞೂಂ ಅನ್ನಬೇಡಿ, ಪಕ್ಕದ ಅಂಗಡಿಯಲ್ಲೂ ಕೇಳಿ. ಕೋಟು ಹರಿದಿದೆಯೇ ನೋಡಿಯೇ ತೊಡಿ, ವಾಪಸ್ ಕೊಡುವಾಗ ತಕರಾರು ಬರಬಾರದು. ಸವಾರಿಗೆ ಮುಂಚೆ ಮೂರು ಪ್ರಶ್ನೆ: ಎಷ್ಟು ದೂರ, ಎಷ್ಟು ಹೊತ್ತು, ದರ ಒಬ್ಬರಿಗೋ ಗಾಡಿಗೋ? ಸಂತೆಯಲ್ಲಿ ಮೆಣಸಿನಕಾಯಿಗೆ ಚೌಕಾಸಿ ಮಾಡುವ ನಿಮಗೆ ಇದನ್ನು ಹೇಳಿಕೊಡಬೇಕಾ?

ಇಂದು ರಾತ್ರಿ ಊಟ ಮುಗಿದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಮೊದಲ ಸಾಲಿನಲ್ಲಿ ರೈಲು ಬರೆಯಬೇಡಿ, ಹೋಟೆಲ್ ಬರೆಯಬೇಡಿ. ನಿಮ್ಮ ಹೆಸರು ಬರೆದು ಅದರ ಮುಂದೆ 'ಸವಾರಿ' ಅಂತ ಬರೆಯಿರಿ. ಉಳಿದ ಖರ್ಚೆಲ್ಲ ಅದರ ಕೆಳಗೆ ಬರಲಿ. ಕಡಿತ ಮಾಡಬೇಕಾಗಿ ಬಂದರೆ ಕೆಳಗಿನಿಂದ ಮೇಲಕ್ಕೆ ಮಾಡಿ. ಬ್ಯಾಗು ಯಾರು ಹಿಡಿಯಬೇಕು ಅಂತೀರಾ? ಸರದಿ ಪ್ರಕಾರ ಯಜಮಾನರೂ ಒಂದು ಹತ್ತು ನಿಮಿಷ ಹಿಡಿದುಕೊಳ್ಳಲಿ ಬಿಡಿ!