ಇಪ್ಪತ್ತು ಮಿಲಿಗ್ರಾಂನ ಲೆಕ್ಕ

ಬಾಯಿ, ಗಂಟಲಿನ ಕ್ಯಾನ್ಸರ್ ಕೈಮೀರಿದಾಗ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿಯ ಬೆಲೆ ಕೇಳಿದ ಮನೆಯವರು ಹೊಲ ಮಾರುವ ಮಾತಿಗೆ ಬರುತ್ತಾರೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಬೇರೆ ದಾರಿ ಹಿಡಿದರು. ಮನೆಯಲ್ಲೇ ನುಂಗುವ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೋಟಿನಿಬ್ ಮಾತ್ರೆಗಳ ಜೊತೆಗೆ ಮೂರು ವಾರಕ್ಕೊಮ್ಮೆ ನಿವೊಲುಮಾಬ್ ಎಂಬ ಇಮ್ಯುನೊಥೆರಪಿ ಇಂಜೆಕ್ಷನ್, ಬರೀ 20 ಮಿಲಿಗ್ರಾಂ. ಪೂರ್ಣ ಡೋಸ್ ಎಂದರೆ ಎರಡು ವಾರಕ್ಕೆ 240 ಮಿಲಿಗ್ರಾಂ!

ಪ್ರಯೋಗದಲ್ಲಿದ್ದವರು 151 ರೋಗಿಗಳು. ಮಾತ್ರೆಗಳನ್ನಷ್ಟೇ ಪಡೆದವರಲ್ಲಿ ವರ್ಷ ದಾಟಿ ಬದುಕಿದವರು ಶೇ 16.3, ಇಂಜೆಕ್ಷನ್ನೂ ಸೇರಿದಾಗ ಶೇ 43.4. ಕಾಯಿಲೆ ವಾಸಿಯಾಯಿತೆಂದಲ್ಲ, ಪೂರ್ಣ ಡೋಸ್‌ಗೆ ಇದು ಸಮವೇ ಎಂಬುದನ್ನೂ ಈ ಪ್ರಯೋಗ ಅಳೆದಿಲ್ಲ. ಆದರೂ ಮಗಳ ಮದುವೆ ನೋಡಲು ಕಾದಿರುವ ತಂದೆಗೆ ಹೀಗೆ ಸಿಗಬಹುದಾದ ಹೆಚ್ಚುವರಿ ತಿಂಗಳುಗಳು ಸಣ್ಣವಲ್ಲ.

ಔಷಧ ಕಡಿಮೆ ಖರ್ಚಾಗುವಂಥ ಪ್ರಯೋಗಕ್ಕೆ ಕಂಪನಿಗಳು ಹಣ ಹಾಕುವುದು ಅಪರೂಪ. ಹಾಕಬೇಕಾದದ್ದು ಸರ್ಕಾರವೇ. ನಮ್ಮ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಇಂಥ ಔಷಧ ಸಂಯೋಜನೆಗಳ ಪರೀಕ್ಷೆ ಹೆಚ್ಚಬೇಕು. ಅಂಥ ಪರೀಕ್ಷೆಗೆ ಸೇರುವವರಿಂದ ಸಹಿ ಹಾಕಿಸಿಕೊಳ್ಳುವ ಮುನ್ನ ಒಪ್ಪಿಗೆ ಪತ್ರವನ್ನು ರೋಗಿಗೂ ಪಕ್ಕದಲ್ಲಿ ಕೂತ ಹೆಂಡತಿಗೂ ತಿಳಿಯುವ ಕನ್ನಡದಲ್ಲಿ, ಅವಸರವಿಲ್ಲದೆ ಓದಿ ಹೇಳಬೇಕು.