ತಣ್ಣಗಿದೆ ಅನ್ನೋ ಮುಳ್ಳನ್ನು ನಂಬಬೇಡಿ

"ಆ ಮೀಟರ್ ಬಿಡಿ ಮಾರಾಯ್ರೇ, ಅದು ಮೊದಲಿಂದ್ಲೂ ಹಾಗೇ!"

ನಮ್ಮ ಕರಾವಳಿಯ ಮೀನುಗಾರಿಕೆ ಬೋಟುಗಳಲ್ಲಿ ಎಂಜಿನ್ನಿನ ಟೆಂಪರೇಚರ್ ಗೇಜಿನ ಬಗ್ಗೆ ವಿಚಾರಿಸಿದರೆ ಹತ್ತರಲ್ಲಿ ಎಂಟು ಸಲ ಸಿಗೋ ಉತ್ತರ ಇದು. ಬೋಟಿನಲ್ಲಿ ಆಡುವ ಮಾತುಗಳಲ್ಲೆಲ್ಲ ಅತ್ಯಂತ ದುಬಾರಿ ಮಾತು ಇದೇ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ನಾನು ಬೆಂಗಳೂರಲ್ಲಿ ಕೂತು ಕೋಡ್ ಬರೆಯೋನು. ಆದರೆ ಊರು ಗಂಗೊಳ್ಳಿ ಕಡೆ, ಮಾವನದ್ದೊಂದು ಬೋಟಿದೆ. ಎಂಜಿನಿಯರಿಂಗ್ ಓದಿದವನು ಅಂದ ಮೇಲೆ ಮಿಕ್ಸಿಯಿಂದ ಹಿಡಿದು ಬೋಟಿನವರೆಗೆ ಎಲ್ಲ ರಿಪೇರಿಗೂ ನನ್ನನ್ನೇ ಕರೀತಾರೆ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಅಂದರೆ ಕೇಳೋರು ಯಾರು! :-)

ಈ ಗೇಜ್ ಕೆಲಸ ಮಾಡೋ ರೀತಿ ಬಹಳ ಸರಳ. ಎಂಜಿನ್ನಿನ ನೀರಿನ ದಾರಿಯಲ್ಲಿ ಒಂದು ಸೆಂಡರ್ ಕೂರಿಸಿರ್ತಾರೆ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತೆ. ಯುರೋಪಿಯನ್ ಮಾದರಿಯ ಒಂದು ಸಾಮಾನ್ಯ ಸೆಂಡರ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 290 ಓಮ್ ಇದ್ದರೆ, 120 ಡಿಗ್ರಿಯಲ್ಲಿ ಸುಮಾರು 22 ಓಮ್. ಅಮೆರಿಕನ್ ಮಾದರಿಯ ಲೆಕ್ಕ ಬೇರೆ. ಒಂದರ ಸೆಂಡರಿಗೆ ಇನ್ನೊಂದರ ಗೇಜ್ ಜೋಡಿಸಿದರೆ ಎರಡೂ ಹೊಸದಾಗಿದ್ದರೂ ತೋರಿಸೋದು ಸುಳ್ಳೇ. ಸೆಂಡರಿನಿಂದ ಗೇಜಿಗೆ ಒಂದೇ ವೈರು, ವಾಪಸು ದಾರಿ ಎಂಜಿನ್ನಿನ ಲೋಹದ ಮೂಲಕ. ಇಷ್ಟೇ ಕಥೆ.

ಈಗ ಆ ವೈರು ತುಂಡಾಯ್ತು ಅಂದುಕೊಳ್ಳಿ. ರೆಸಿಸ್ಟೆನ್ಸ್ ಅನಂತ. ಗೇಜಿನ ಭಾಷೆಯಲ್ಲಿ ಅದರ ಅರ್ಥ: ಎಂಜಿನ್ ತಣ್ಣಗಿದೆ! ನೋಡಿ, ನನ್ನ ತಕರಾರು ಇರೋದು ಇಲ್ಲೇ. ಪ್ರೋಗ್ರಾಮಿಂಗ್ ಕಲಿಯೋ ಮೊದಲ ವರ್ಷವೇ ನಮಗೆ ಹೇಳಿಕೊಡ್ತಾರೆ, ಸೊನ್ನೆ ಬೇರೆ, ನಲ್ ಬೇರೆ ಅಂತ. ಖಾತೆಯಲ್ಲಿ ದುಡ್ಡಿಲ್ಲ ಅನ್ನೋದೂ, ಖಾತೆಯಲ್ಲಿ ಎಷ್ಟಿದೆಯೋ ಗೊತ್ತಿಲ್ಲ ಅನ್ನೋದೂ ಒಂದೇ ಅಲ್ಲ. ಬೋಟಿನ ಗೇಜಿಗೆ ಮಾತ್ರ "ಗೊತ್ತಿಲ್ಲ" ಅನ್ನೋ ಪದವೇ ಬರೋದಿಲ್ಲ. ಗೊತ್ತಿಲ್ಲದಾಗ ಅದು "ಎಲ್ಲ ಚೆನ್ನಾಗಿದೆ" ಅನ್ನುತ್ತೆ.

ಕಾರ್ಖಾನೆಗಳಲ್ಲಿ ಇದಕ್ಕೆ ಎಂದೋ ಪರಿಹಾರ ಕಂಡುಕೊಂಡಿದ್ದಾರೆ. ಅಲ್ಲಿ ಸೆನ್ಸರುಗಳು 4ರಿಂದ 20 ಮಿಲಿಆಂಪಿಯರ್ ಕರೆಂಟಿನಲ್ಲಿ ಮಾತಾಡ್ತವೆ. ಅಳತೆಯ ಸೊನ್ನೆ ಅಂದರೆ 4 ಮಿಲಿಆಂಪಿಯರ್. ಕರೆಂಟೇ ಇಲ್ಲ ಅಂದರೆ ವೈರು ಹೋಗಿದೆ ಅಂತ ತಕ್ಷಣ ಗೊತ್ತಾಗುತ್ತೆ.

ಸೂಚನೆ ತೋರಿಸೋದನ್ನು ಕಣ್ಮುಚ್ಚಿ ನಂಬಿದರೆ ಎಂಥೆಂಥವರೂ ಎಡವ್ತಾರೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಆದದ್ದೂ ಇಂಥದ್ದೇ. ಒಂದು ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿತ್ತು. ಆದರೆ ಕಂಟ್ರೋಲ್ ರೂಮಿನ ದೀಪ ತೋರಿಸ್ತಾ ಇದ್ದದ್ದು ವಾಲ್ವಿನ ಸ್ಥಿತಿಯನ್ನಲ್ಲ, ಅದನ್ನು ಮುಚ್ಚಲು ಸಿಗ್ನಲ್ ಹೋಗಿದೆ ಅನ್ನೋದನ್ನು. ದೀಪ ಆರಿದ್ದು ನೋಡಿ ವಾಲ್ವ್ ಮುಚ್ಚಿದೆ ಅಂದುಕೊಂಡರು. ಸ್ಥಾವರದ ತಂಪು ನೀರು ಸೋರಿಹೋಯ್ತು.

ಮಾವನ ಬೋಟಿಗೆ ಬರೋಣ. ಮುಳ್ಳು ಎರಡು ಸೀಸನ್ ತಣ್ಣಗೇ ಮಲಗಿತ್ತು. ಒಂದು ಅಂಗಡಿಯವರು ಒಂದಲ್ಲ ಎರಡು ಹೊಸ ಸೆಂಡರ್ ಹಾಕಿಸಿದ್ದರು, ದುಡ್ಡೂ ತಗೊಂಡಿದ್ದರು, ಮುಳ್ಳು ಮಾತ್ರ ಏಳಲಿಲ್ಲ. ನಾನು ಹೋದಾಗ ಕೀ ಆನ್ ಮಾಡಿ, ಸೆಂಡರಿನ ವೈರು ಕಳಚಿ ಎಂಜಿನ್ನಿನ ಲೋಹಕ್ಕೆ ಒಂದು ಕ್ಷಣ ತಾಗಿಸಿದೆ. ವೈರೂ ಗೇಜೂ ಸರಿಯಿದ್ದರೆ ಮುಳ್ಳು ಬಿಸಿಯ ತುದಿಗೆ ಹಾರಬೇಕು. ಹಾರಲಿಲ್ಲ. ಆಮೇಲೆ ಗೇಜಿನ ಹಿಂಬದಿಯ ಸೆಂಡರ್ ಟರ್ಮಿನಲ್ಲನ್ನು ಅರ್ಥಿಂಗಿಗೆ ತಾಗಿಸಿದೆ. ಹಾರಿತು! ಅಂದರೆ ಗೇಜ್ ಸರಿಯಿದೆ, ತಪ್ಪು ನಡುವಿನ ವೈರಿನಲ್ಲಿ. ಎಳೆದು ನೋಡಿದರೆ ಒಂದು ಟರ್ಮಿನಲ್ ಉಪ್ಪುಗಾಳಿಗೆ ಹಸಿರು ಪುಡಿಯಾಗಿತ್ತು. ರಿಪೇರಿ ಖರ್ಚು ಹತ್ತು ರೂಪಾಯಿ. ಎರಡು ಸೀಸನ್ ಆ ಬೋಟಿನ ಜನ ಆಳಸಮುದ್ರಕ್ಕೆ ಹೋಗಿಬಂದದ್ದು ಈ ಹಸಿರು ಪುಡಿಯ ಭರವಸೆ ಮೇಲೆ.

ಮುಳ್ಳು ಸದಾ ಬಿಸಿ ತೋರಿಸ್ತಿದ್ದರೂ ಮೊದಲು ಪರೀಕ್ಷೆ, ಆಮೇಲೆ ಖರೀದಿ. ವೈರು ಕಳಚಿದಾಗ ಮುಳ್ಳು ಇಳಿಯದಿದ್ದರೆ ವೈರು ಎಲ್ಲೋ ಲೋಹಕ್ಕೆ ತಾಗಿದೆ, ಇಲ್ಲವೇ ಗೇಜ್ ಕೆಟ್ಟಿದೆ. ದೀಪ ಹಾಕಿದ ಕೂಡಲೇ ಮುಳ್ಳು ಏರಿದರೆ ಗೇಜಿನ ಅರ್ಥಿಂಗ್ ಸಡಿಲ. ಸೆಂಡರಿನ ಮರೆಗೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದ್ದರೆ ಅರ್ಥಿಂಗ್ ದುರ್ಬಲವಾಗಿ, ಇರೋದಕ್ಕಿಂತ ಕಡಿಮೆ ಬಿಸಿ ತೋರಿಸಬಹುದು. ಸೆಂಡರ್ ಮೇಲೇ ಅನುಮಾನವಿದ್ದರೆ ಬಿಚ್ಚಿ ಕುದಿಯೋ ನೀರಲ್ಲಿಟ್ಟು ಮಲ್ಟಿಮೀಟರಿನಲ್ಲಿ ಅಳೆದು ನೋಡಿ. ಕರಾವಳಿಯಲ್ಲಿ ನೀರು ಕುದಿಯೋದು 100 ಡಿಗ್ರಿಗೆ, ಅದಕ್ಕಿಂತ ಅಗ್ಗದ ಅಳತೆಗೋಲು ಎಲ್ಲಿದೆ? ಒಂದು ಎಚ್ಚರಿಕೆ: ವೈರು ತಾಗಿಸೋ ಪರೀಕ್ಷೆ ಹಳೇ ಒಂಟಿ ವೈರಿನ ಗೇಜುಗಳಿಗೆ ಮಾತ್ರ, ಕಂಪ್ಯೂಟರ್ ಇರೋ ಹೊಸ ಎಂಜಿನ್ನುಗಳಿಗಲ್ಲ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ, ಗೇಜಿಗೆ ಸಂಬಂಧವೇ ಇಲ್ಲದ ಇನ್ನೊಂದು ಸಾಕ್ಷಿ ಕೇಳೋದು. ದೂರದಿಂದ ಬಿಸಿ ಅಳೆಯೋ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಸೆಂಡರಿನ ಬುಡಕ್ಕೆ ಹಿಡಿಯಿರಿ. ಹೊಳೆಯೋ ಲೋಹದ ಮೇಲೆ ಅದೂ ಕಡಿಮೆ ತೋರಿಸುತ್ತೆ, ಹಾಗಾಗಿ ಅಲ್ಲಿ ಸ್ವಲ್ಪ ಮಾಸಲು ಕಪ್ಪು ಬಣ್ಣ ಬಳಿದಿರಬೇಕು. ಎಂಜಿನ್ ನಿಜಕ್ಕೂ ಕಾದಿದ್ದರೆ ಗೇಜನ್ನು ಬಯ್ಯೋದು ಬಿಟ್ಟು ನೀರಿನ ಪಂಪು, ಇಂಪೆಲ್ಲರ್, ಥರ್ಮೋಸ್ಟಾಟ್ ನೋಡಿ. ಇನ್ನೊಂದು ಮಾತು. ನೀರು ಕಡಿಮೆಯಾಗಿ ಸೆಂಡರ್ ಗಾಳಿಯಲ್ಲಿ ನಿಂತರೆ ಎಂಜಿನ್ ಬೇಯ್ತಿದ್ದರೂ ಮುಳ್ಳು ಇಳಿಯಬಹುದು. ವೈರು, ಸೆಂಡರ್, ಗೇಜ್ ಮೂರೂ ಸರಿ, ಉತ್ತರ ಮಾತ್ರ ತಪ್ಪು!

"ನಮ್ಮ ಹಳಬರು ಸದ್ದು ಕೇಳಿಯೇ ಹೇಳ್ತಾರೆ" ಅನ್ನಬಹುದು ನೀವು. ಒಪ್ತೇನೆ. ಹೊರಬೀಳೋ ನೀರಿನ ಧಾರೆ ನೋಡಿ ಎಂಜಿನ್ನಿನ ಆರೋಗ್ಯ ಹೇಳೋರನ್ನು ನಾನೂ ಕಂಡಿದ್ದೇನೆ. ಅವರ ಕಣ್ಣೇ ಆ ಇನ್ನೊಂದು ಸಾಕ್ಷಿ. ಆದರೆ ಹತ್ತು ದಿನದ ಟ್ರಿಪ್ಪಿನ ಎಂಟನೇ ರಾತ್ರಿ, ಬಲೆ ನೀರಲ್ಲಿರುವಾಗ, ನಿದ್ದೆಗೆಟ್ಟ ಕಣ್ಣು ಎಲ್ಲವನ್ನೂ ನೋಡೀತೇ? ಹೆಡ್ ಗ್ಯಾಸ್ಕೆಟ್ ಹೋಗಿ ಎಂಜಿನ್ ನಿಂತರೆ ಬೋಟು ಗಾಳಿ ಎಳೆದತ್ತ ತೇಲುತ್ತೆ. ಅದು ಲಕ್ಷಗಟ್ಟಲೆ ಖರ್ಚಿನ ಮಾತು ಮಾತ್ರ ಅಲ್ಲ, ಒಳಗೆ ಆರೇಳು ಜನ ಇರ್ತಾರೆ.

ಹಾಗಾಗಿ ನನ್ನದೊಂದು ಸಲಹೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಬೋಟಿಗೆ ಬಣ್ಣ ಬಳಿಯೋ ಆ ದಿನಗಳಲ್ಲಿ ಅರ್ಧ ಗಂಟೆ ಗೇಜಿಗೂ ಕೊಡಿ. ಬಿಸಿಯಾದರೆ ಕೂಗೋ ಬಜರನ್ನು ಬೇರೆಯೇ ಸೆನ್ಸರಿಗೆ ಹಾಕಿಸಿ. ಅದನ್ನೂ ವೈರು ತಾಗಿಸಿ ಕೂಗಿಸಿ ನೋಡಿ. ಯಾಕೆಂದರೆ ವೈರು ತುಂಡಾದ ಬಜರ್ ಕೂಡ ಸುಮ್ಮನೇ ಇರುತ್ತೆ, ಎಲ್ಲ ಚೆನ್ನಾಗಿದೆ ಅನ್ನೋ ಹಾಗೆ.

ಬೋಟೇ ಇಲ್ಲದ ಮಿತ್ರರು ನಗಬೇಡಿ. ನಿಮ್ಮ ಸರ್ವರಿನ ಮಾನಿಟರಿಂಗ್ ಪರದೆ ವಾರಗಟ್ಟಲೆ ಹಸಿರಾಗೇ ಇದೆಯಾ? ಒಮ್ಮೆ ಅದರ ವೈರೂ ಕಳಚಿ ನೋಡಿ. ಏನಂತೀರಿ?